ಟಾನಿಕ್ ಆಮೇಲೆ, ಮೊದಲು ಜೋಳದ ಮೂಟೆ ಬಿಚ್ಚಿ

ಪ್ರಶ್ನೆ: ನನ್ನಲ್ಲಿ ಆರು ಯಾರ್ಕ್‌ಶೈರ್ ಹೆಣ್ಣು ಹಂದಿಗಳಿವೆ. ಮೊದಲ ಸೂಲಿನಲ್ಲಿ ಒಂಬತ್ತು-ಹತ್ತು ಮರಿ ಹಾಕಿದವು, ಎರಡನೆಯದರಲ್ಲಿ ಐದಕ್ಕೆ ಇಳಿದಿವೆ. ಮರಿ ಬಿಡಿಸಿ ಇಪ್ಪತ್ತು ದಿನವಾದರೂ ಮೂರು ಬೆದೆಗೇ ಬಂದಿಲ್ಲ. ಹೋಟೆಲ್ ಮುಸುರೆ, ಮೆಕ್ಕೆಜೋಳದ ನುಚ್ಚು ಹಾಕುತ್ತೇನೆ. ಅಂಗಡಿಯವರು ಸೆಲೆನಿಯಂ, ವಿಟಮಿನ್ ಇ ಇರುವ ಟಾನಿಕ್ ಕೊಟ್ಟಿದ್ದಾರೆ. ಎರಡು ಪಟ್ಟು ಹಾಕಲೇ?
– ಹೆಸರು ಬೇಡ, ಸೋಮವಾರಪೇಟೆ

ಉತ್ತರ: ಎರಡು ಪಟ್ಟು ಖಂಡಿತ ಬೇಡ. ಹಂದಿಗೆ ಬೇಕಾದ ಸೆಲೆನಿಯಂ ಒಂದು ಕಿಲೋ ಆಹಾರಕ್ಕೆ 0.3 ಮಿಲಿಗ್ರಾಂ ಒಳಗೆ. ಅದು ಕೆಲವೇ ಮಿಲಿಗ್ರಾಂಗೆ ಏರಿದರೂ ಕೂದಲು ಉದುರುತ್ತದೆ, ಗೊರಸು ಬುಡದಲ್ಲೇ ಬಿರಿಯುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಬಾಣಂತಿಯ ಹಸಿವು. ಮೊದಲ ಸೂಲಿನ ಹಂದಿ ಇನ್ನೂ ತಾನೇ ಬೆಳೆಯುತ್ತಿರುತ್ತದೆ, ಅದರ ಜೊತೆ ಹತ್ತು ಮರಿಗೆ ಹಾಲು ಬೇರೆ. ತಿಂದದ್ದು ಸಾಲದಿದ್ದರೆ ಮೈಯನ್ನೇ ಕರಗಿಸಿ ಹಾಲು ಮಾಡುತ್ತದೆ. ಆಮೇಲೆ ಬೆದೆಗೆ ತಡವಾಗುತ್ತದೆ, ಮರಿಯೂ ಕಡಿಮೆ. ಮೈ ಹಿಡಿದ ಹಂದಿ ಮರಿ ಬಿಡಿಸಿದ ನಾಲ್ಕರಿಂದ ಏಳು ದಿನದೊಳಗೆ ಬೆದೆಗೆ ಬರಬೇಕು. ಸೊಂಟದ ಮೂಳೆಯ ಮೇಲೆ ಅಂಗೈ ಇಟ್ಟು ನೋಡಿ. ಒತ್ತದೆಯೇ ಮೂಳೆ ಕೈಗೆ ಸಿಕ್ಕರೆ ಅದು ಸೊರಗಿದೆ ಎಂದೇ ಲೆಕ್ಕ.

ಹಾಲೂಡುವ ಹಂದಿಗೆ ದಿನಕ್ಕೆ 2 ಕಿಲೋ, ಅದರ ಮೇಲೆ ಮರಿಯೊಂದಕ್ಕೆ ಅರ್ಧ ಕಿಲೋನಂತೆ ಒಣ ಆಹಾರ ಬೇಕು. ಮುಸುರೆಯ ಬಕೆಟ್‌ನಲ್ಲಿ ಹೆಚ್ಚಿನದು ನೀರೇ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಸೋಯಾ ಅಥವಾ ಶೇಂಗಾ ಹಿಂಡಿ, ಸಿಕ್ಕರೆ ಮೀನುಪುಡಿ ಸೇರಿಸಿ. ಮುಸುರೆಯನ್ನು ಅರ್ಧ ಗಂಟೆ ಕುದಿಸದೆ ಹಾಕಲೇಬೇಡಿ. 2022ರಲ್ಲಿ ಪಕ್ಕದ ವಯನಾಡಿಗೆ ಬಂದ ಆಫ್ರಿಕನ್ ಹಂದಿ ಜ್ವರ ಮುಸುರೆಯಿಂದಲೂ ಹರಡುತ್ತದೆ, ಅದಕ್ಕೆ ಮದ್ದಿಲ್ಲ.

ಇನ್ನು ಜೋಳ. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಜಿಯರಲೆನೋನ್ ಎಂಬ ವಿಷ ಹುಟ್ಟಬಹುದು. ಅದು ಹಂದಿಯ ಮೈಯಲ್ಲಿ ಹೆಣ್ಣು ಹಾರ್ಮೋನಿನ ವೇಷ ಹಾಕುತ್ತದೆ. ಎಳೆಯ ಹೆಣ್ಣುಗಳ ಯೋನಿ ಬೆದೆಯಿಲ್ಲದೆಯೂ ಊದಿ ಕೆಂಪಾಗುತ್ತದೆ; ದೊಡ್ಡವು ಗಬ್ಬವೂ ಇಲ್ಲದೆ, ಬೆದೆಗೂ ಬರದೆ ನಿಂತುಬಿಡುತ್ತವೆ. ಬೇಯಿಸಿದರೂ ಆ ವಿಷ ಹೋಗದು. ನಿಮ್ಮ ಕಡೆಯ ಮಳೆಗಾಲದಲ್ಲಿ ಮೂಟೆಗಳನ್ನು ನೆಲಕ್ಕೆ ತಾಗಿಸಿ ಇಟ್ಟಿದ್ದರೆ ನನಗೆ ಅನುಮಾನ ಜಾಸ್ತಿ. ಮುಗ್ಗಲು ವಾಸನೆ ಬಂದರೆ ಆ ಮೂಟೆ ಹಂದಿಗೂಡಿಗೆ ಬೇಡ.

ಹಾಗೆಂದು ವಿಟಮಿನ್, ಖನಿಜಗಳೆಲ್ಲ ದಂಡ ಅನ್ನುತ್ತಿಲ್ಲ. 1930ರ ದಶಕದಲ್ಲಿ ಟೆಕ್ಸಾಸ್‌ನ ಫ್ರೆಡ್ ಹೇಲ್ ವಿಟಮಿನ್ ಎ ಇಲ್ಲದ ಆಹಾರ ಕೊಟ್ಟು ಸಾಕಿದ ಹಂದಿಗೆ ಹುಟ್ಟಿದ ಮರಿಗಳಿಗೆ ಕಣ್ಣುಗುಡ್ಡೆಯೇ ಇರಲಿಲ್ಲ. ಕೊರತೆ ಇದ್ದಲ್ಲಿ ಅವು ಬೇಕೇ ಬೇಕು. ನೂರು ಕಿಲೋ ಆಹಾರಕ್ಕೆ 2 ಕಿಲೋ ಖನಿಜ ಮಿಶ್ರಣ, ದಿನಾ ಒಂದಿಷ್ಟು ಹಸಿರು ಸೊಪ್ಪು ಕೊಡಿ. ಇಷ್ಟರ ಮೇಲೂ ಟಾನಿಕ್ ಹಾಕುವ ಆಸೆಯಿದ್ದರೆ ಬಾಟಲಿಯ ಮೇಲೆ ಬರೆದ ಅಳತೆ ಮೀರಬೇಡಿ. ಅಂಗಡಿಯವರು ಮಾರುವುದು ಅವರ ಕಸುಬು, ತಪ್ಪೇನಿಲ್ಲ.

ಸೊರಗಿದ ಮೂರಕ್ಕೂ ಆಹಾರ ಹೆಚ್ಚಿಸಿ. ಬೆಳಿಗ್ಗೆ-ಸಂಜೆ ಬೆನ್ನು ಒತ್ತಿ ನೋಡಿ. ಕಿವಿ ನಿಮಿರಿಸಿ ಕದಲದೆ ನಿಂತರೆ ಬೆದೆ. ಆದರೆ ಆ ಮೊದಲ ಬೆದೆಯನ್ನು ಬಿಟ್ಟು, 21 ದಿನದ ನಂತರದ್ದಕ್ಕೆ ಗಂಡು ಬಿಡಿ. ಅಷ್ಟರಲ್ಲಿ ಮೈ ಹಿಡಿದಿರುತ್ತದೆ.

ಕಳೆದ ಸೂಲಿನಲ್ಲಿ ಕಪ್ಪಗೆ ಒಣಗಿದ ಮರಿ ಬಿದ್ದಿತ್ತೇ, ಗಬ್ಬ ಜಾರಿತ್ತೇ ಎಂದು ನೀವು ಬರೆದಿಲ್ಲ. ಹಾಗಾಗಿದ್ದರೆ ಪಾರ್ವೊ, ಲೆಪ್ಟೊ, ಬ್ರೂಸೆಲ್ಲಾ ರೋಗಗಳಿರಬಹುದು. ಗಂಡು ಹಂದಿಯನ್ನೂ ಸೇರಿಸಿ ಎಲ್ಲದರ ರಕ್ತ ಪರೀಕ್ಷೆಗೆ ಪಶು ಆಸ್ಪತ್ರೆಯವರನ್ನು ಕರೆಸಿ. ಕೊನೆಯ ಎರಡು ಮನುಷ್ಯರಿಗೂ ಅಂಟುತ್ತವೆ, ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.