ಸ್ಪೋರ್ಟ್ಸ್ ಬೈಕಿನ ವಿಮೆ: ಕಂತು ಇಳಿಸುವುದೆಲ್ಲಿ, ಇಳಿಸಬಾರದುದೆಲ್ಲಿ?

ಮತ್ತಿಕೆರೆ, ಯಶವಂತಪುರ ಸುತ್ತಮುತ್ತಲ ಕಾಲೇಜು ವಿದ್ಯಾರ್ಥಿಗಳಲ್ಲಿ ಸ್ಪೋರ್ಟ್ಸ್ ಬೈಕಿನ ಮೋಹ ಹೆಚ್ಚು. ಅನೇಕ ಮನೆಗಳಲ್ಲಿ ಬೈಕು ಓಡಿಸುವವನು ಮಗ. ನೋಂದಣಿ ವ್ಯಾಪಾರಿಯಾದ ತಂದೆಯ ಹೆಸರಿನಲ್ಲಿ. ನವೀಕರಣದ ಸಮಯದಲ್ಲಿ ಕಡಿಮೆ ಕಂತಿನ ಪಾಲಿಸಿಯನ್ನು ಅರಸುವುದು ಸಹಜ. ಆದರೆ ಕಂತಿನ ಎಲ್ಲ ಭಾಗಗಳಲ್ಲೂ ಚೌಕಾಸಿಗೆ ಅವಕಾಶವಿಲ್ಲ ಎಂಬುದನ್ನು ಮೊದಲು ಅರಿಯಬೇಕು.

ಸ್ಥಿರವಾದ ಭಾಗ

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಇದರ ದರವನ್ನು ಕೇಂದ್ರ ಸರ್ಕಾರ ನಿಗದಿಪಡಿಸುವುದರಿಂದ ಎಲ್ಲ ಕಂಪನಿಗಳಲ್ಲೂ ಅದು ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಂತೆ ವಾರ್ಷಿಕ ಕಂತು 75ರಿಂದ 150 ಸಿ.ಸಿ.ವರೆಗೆ 714 ರೂ., 350 ಸಿ.ಸಿ.ವರೆಗೆ 1,366 ರೂ., ಅದಕ್ಕೂ ಮೇಲ್ಪಟ್ಟು 2,804 ರೂ. ಆದ್ದರಿಂದ 155 ಸಿ.ಸಿ.ಯ ಯಮಹಾ ಆರ್15 ಕೇವಲ 5 ಸಿ.ಸಿ.ಯಿಂದಾಗಿ ಎರಡನೇ ವರ್ಗಕ್ಕೆ ಸೇರುತ್ತದೆ, 373 ಸಿ.ಸಿ.ಯ ಕೆಟಿಎಂ ಆರ್‌ಸಿ 390 ಮೂರನೆಯದಕ್ಕೆ. ಈ ಉಳಿತಾಯ ಸಾಧ್ಯವಾಗುವುದು ಬೈಕನ್ನು ಆರಿಸುವಾಗ ಮಾತ್ರ, ವಿಮೆ ಮಾಡಿಸುವಾಗ ಅಲ್ಲ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಈ ವಿಮೆಯನ್ನು ಐದು ವರ್ಷಗಳಿಗೆ ಒಟ್ಟಾಗಿ ಪಡೆಯಬೇಕಾಗಿದೆ.

ಚೌಕಾಸಿಗೆ ಅವಕಾಶವಿರುವ ಭಾಗ

ಸ್ವಂತ ಹಾನಿಯ ವಿಮೆಯ ದರ 2007ರ ಜನವರಿ 1ರಿಂದ ದರಪಟ್ಟಿಯ ನಿಯಂತ್ರಣದಿಂದ ಮುಕ್ತವಾಯಿತು. ಮೂರು ನಾಲ್ಕು ಕಂಪನಿಗಳ ದರವನ್ನು ಹೋಲಿಸಬೇಕಾದುದು ಇಲ್ಲಿ. ಹೋಲಿಸುವಾಗ ವಾಹನದ ಘೋಷಿತ ಮೌಲ್ಯ ಎಲ್ಲ ಕಡೆಯೂ ಒಂದೇ ಇರಬೇಕು. ಮೌಲ್ಯ ತಗ್ಗಿಸಿ ಕಂತು ಇಳಿಸಿದರೆ, ಬೈಕು ಕಳವಾದಾಗ ದೊರೆಯುವ ಪರಿಹಾರವೂ ತಗ್ಗುತ್ತದೆ.

ಸ್ಪೋರ್ಟ್ಸ್ ಬೈಕಿಗೆ ವಿಶೇಷವಾದ ಅಂಶ ಅದರ ಪ್ಲಾಸ್ಟಿಕ್ ಹೊದಿಕೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟು ಸವಕಳಿ ಕಳೆಯಲಾಗುತ್ತದೆ. 16,000 ರೂ. ಬೆಲೆಯ ಹೊದಿಕೆ ಒಡೆದರೆ 8,000 ರೂ. ಮಾಲೀಕನದೇ. ಹೊಸ ಬೈಕಿಗೆ ಶೂನ್ಯ ಸವಕಳಿ ಸೌಲಭ್ಯಕ್ಕೆ ಕೊಡುವ ಹೆಚ್ಚುವರಿ ಕಂತು ಈ ಕಾರಣದಿಂದ ವ್ಯರ್ಥವಲ್ಲ.

ಸಣ್ಣ ಕ್ಲೇಮಿನ ಲೆಕ್ಕ

ಕ್ಲೇಮ್ ಇಲ್ಲದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ ಕ್ರಮವಾಗಿ ಶೇ. 20, 25, 35, 45, 50. ಎರಡು ವರ್ಷ ಕ್ಲೇಮ್ ಮಾಡದ ಮಾಲೀಕ ಮೂರನೇ ವರ್ಷ ಒಂದು ಸಣ್ಣ ರಿಪೇರಿಗೆ ಕ್ಲೇಮ್ ಮಾಡಿದನೆಂದು ಭಾವಿಸಬಹುದು. ಮುಂದಿನ ಎರಡು ವರ್ಷಗಳ ಘೋಷಿತ ಮೌಲ್ಯ 1,20,000 ಮತ್ತು 1,00,000 ರೂ., ದರ ಶೇ. 1.793 ಆಗಿದ್ದರೆ ಆತನಿಗೆ ತಗಲುವ ನಷ್ಟ:

ಮೊದಲ ವರ್ಷ: ಶೇ. 35ರ ಬದಲು ಸೊನ್ನೆ – 753 ರೂ.
ಎರಡನೇ ವರ್ಷ: ಶೇ. 45ರ ಬದಲು 20 – 448 ರೂ.
ಶೇ. 18 ಜಿಎಸ್‌ಟಿ ಸೇರಿ ಒಟ್ಟು: ಸುಮಾರು 1,417 ರೂ.

ಆದ್ದರಿಂದ ಸಾವಿರ ರೂಪಾಯಿಯ ರಿಪೇರಿಗೆ ಕ್ಲೇಮ್ ಮಾಡುವುದು ನಷ್ಟದ ವ್ಯವಹಾರ. ಕಂಪನಿ ಬದಲಿಸಿದರೂ ಬೋನಸ್ ಉಳಿಯುತ್ತದೆ. ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ಹೋಗುತ್ತದೆ.

ಮಾಲೀಕ ಯಾರು?

ಬಹುತೇಕರು ಗಮನಿಸದ ಸಂಗತಿಯೊಂದಿದೆ. ಮಾಲೀಕ-ಚಾಲಕನ 15 ಲಕ್ಷ ರೂ.ಗಳ ಅಪಘಾತ ವಿಮೆ ಅನ್ವಯಿಸುವುದು ನೋಂದಾಯಿತ ಮಾಲೀಕನಿಗೆ ಮಾತ್ರ. ತಂದೆಯ ಹೆಸರಿನ ಬೈಕನ್ನು ಓಡಿಸುತ್ತ ಮಗ ಮೃತಪಟ್ಟರೆ ಆ ಮೊತ್ತ ಸಿಗದು. ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ನಿಂಗಮ್ಮ ವಿರುದ್ಧ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಪ್ರಕರಣದಲ್ಲಿ (2009), ಬೈಕನ್ನು ಎರವಲು ಪಡೆದು ಓಡಿಸಿದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆತನ ವಾರಸುದಾರರು 163ಎ ಕಲಮಿನಡಿ ಪರಿಹಾರ ಕೇಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಆದ್ದರಿಂದ ವಯಸ್ಕನಾದ, ಪರವಾನಗಿ ಹೊಂದಿದ ಮಗನ ಹೆಸರಿನಲ್ಲೇ ಬೈಕನ್ನು ನೋಂದಾಯಿಸುವುದು, ಇಲ್ಲವೇ ಆತನಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸುವುದು ವಿವೇಕ. ಇನ್ನೊಂದೆಡೆ, ಕಾರು, ಸ್ಕೂಟರು ಎರಡೂ ಇರುವ ಮಾಲೀಕ ಈ ವಿಮೆಯನ್ನು ಪ್ರತಿ ವಾಹನಕ್ಕೂ ಕೊಳ್ಳಬೇಕಿಲ್ಲ, ಒಂದು ಸಾಕು.

ಕಂತನ್ನು ಹೋಲಿಕೆಯಿಂದ, ಬೋನಸ್ಸಿನಿಂದ, ಪುನರಾವರ್ತನೆ ತಪ್ಪಿಸುವುದರಿಂದ ಇಳಿಸಬಹುದು. ಘೋಷಿತ ಮೌಲ್ಯವನ್ನು ಮತ್ತು ಓಡಿಸುವವನ ರಕ್ಷಣೆಯನ್ನು ಕಡಿತಗೊಳಿಸಿ ಇಳಿಸಿದರೆ ಅದು ಉಳಿತಾಯವಾಗದು, ಮುಂದೂಡಿದ ನಷ್ಟವಾಗುತ್ತದೆ.