ಜೀವವಿಕಾಸ: ತಿಪಟೂರು ಸೀಮೆಯ ತೆಂಗು, ದೊಡ್ಡಗುಣಿಯ ಕಲ್ಲು

1. ಜೀವವಿಕಾಸ: ಜೀವಿಸಮೂಹದ ಅನುವಂಶೀಯ ಗುಣಗಳು ತಲೆಮಾರುಗಳಲ್ಲಿ ಬದಲಾಗುವುದು. ಬದಲಾಗುವುದು ಸಮೂಹ, ಒಂಟಿ ಜೀವಿಯಲ್ಲ.

2. ವರ್ಷಗಳು: ಲಾಮಾರ್ಕರ ಗ್ರಂಥ 1809, ಡಾರ್ವಿನ್-ವ್ಯಾಲೇಸ್ ಜಂಟಿ ಪ್ರಬಂಧ 1858, ಡಾರ್ವಿನ್ನರ ಗ್ರಂಥ 1859, ಮೆಂಡಲ್ ಪ್ರಬಂಧ ಪ್ರಕಟಣೆ 1866.

3. ಸ್ಟ್ರೊಮ್ಯಾಟೊಲೈಟ್ (ತುಮಕೂರು ಜಿಲ್ಲೆಯ ಪರೀಕ್ಷಾರ್ಥಿ ಬಿಡಲೇಬಾರದ ಅಂಶ)
- ಸ್ಥಳ: ತುಮಕೂರು ಜಿಲ್ಲೆಯ ದೊಡ್ಡಗುಣಿ, ಚಿತ್ರದುರ್ಗ ಶಿಸ್ಟ್ ಪಟ್ಟಿಯ ಸುಣ್ಣಶಿಲೆ.
- ವಯಸ್ಸು: 250 ಕೋಟಿ ವರ್ಷಕ್ಕೂ ಹೆಚ್ಚು, ಆರ್ಕಿಯನ್ ಕಾಲ.
- ಉತ್ಪತ್ತಿ: ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪದರಕ್ಕೆ ಕೆಸರು, ಸುಣ್ಣ ಅಂಟಿ, ಪದರದ ಮೇಲೆ ಪದರ ಬೆಳೆದು ಕಲ್ಲಾಗುತ್ತದೆ. ಕಲ್ಲಿನಲ್ಲಿ ಕಾಣುವುದು ಬಾಗಿದ ತೆಳುಗೆರೆಗಳು. ಎಲುಬು, ಚಿಪ್ಪು ಹುಡುಕಬೇಡಿ.
- ಮಹತ್ವ: ಇಂಥ ಪದರ ಕಟ್ಟಿದ ಸಯನೋಬ್ಯಾಕ್ಟೀರಿಯಾಗಳೇ ವಾತಾವರಣಕ್ಕೆ ಆಮ್ಲಜನಕ ತುಂಬಿದವು.
- ಗೊಂದಲ: ಸ್ಟಾಲಕ್ಟೈಟ್ ಬೇರೆ. ಅದು ಗುಹೆಯ ಚಾವಣಿಯಿಂದ ಇಳಿಬೀಳುವ ಸುಣ್ಣದ ರಚನೆ, ಪಳೆಯುಳಿಕೆಯಲ್ಲ.

4. ಕಾಲನಿರ್ಣಯ: ಕಾರ್ಬನ್-14ರ ಅರ್ಧಾಯುಷ್ಯ ಸುಮಾರು 5730 ವರ್ಷ, ಸುಮಾರು 50,000 ವರ್ಷದಾಚೆಗೆ ಉಪಯೋಗವಿಲ್ಲ. ಹಳೆಯ ಶಿಲೆಗಳಿಗೆ ಯುರೇನಿಯಂ-ಸೀಸ ವಿಧಾನ.

5. ತೆಂಗು: ಕೋಕಸ್ ನ್ಯೂಸಿಫೆರಾ, ಏಕದಳ. ‘ತಿಪಟೂರು ಟಾಲ್’ ಎತ್ತರದ ತಳಿ, ಉಂಡೆ ಕೊಬ್ಬರಿಗೆ ಹೆಸರುವಾಸಿ.
- ಒಳ್ಳೆಯ ತಾಯಿಮರದ ಕಾಯನ್ನೇ ಬಿತ್ತನೆಗೆ ಇಡುವುದು ಕೃತಕ ಆಯ್ಕೆ. ನಿಸರ್ಗವೇ ಆರಿಸಿದರೆ ನೈಸರ್ಗಿಕ ಆಯ್ಕೆ.
- ಎತ್ತರದ ತಳಿಯ ಹೊಂಬಾಳೆಯಲ್ಲಿ ಗಂಡುಹೂ ಮೊದಲು ಅರಳುತ್ತದೆ; ಹಾಗಾಗಿ ಪರಕೀಯ ಪರಾಗಸ್ಪರ್ಶ, ಸಸಿಗಳಲ್ಲಿ ವ್ಯತ್ಯಾಸ ಹೆಚ್ಚು. ಗಿಡ್ಡ ತಳಿಯಲ್ಲಿ ಬಹುಪಾಲು ಸ್ವಕೀಯ.
- ತೇಲುವ ನಾರಿನ ಸಿಪ್ಪೆ: ಕಡಲಲ್ಲಿ ಬೀಜಪ್ರಸಾರಕ್ಕೆ ಹೊಂದಾಣಿಕೆ.

6. ರಚನಾನುರೂಪಿ ಅಂಗಗಳು: ಮೂಲ ಒಂದೇ, ಕೆಲಸ ಬೇರೆ (ಮನುಷ್ಯನ ಕೈ, ಬಾವಲಿ ರೆಕ್ಕೆ). ಕಾರ್ಯಾನುರೂಪಿ ಅಂಗಗಳು: ಕೆಲಸ ಒಂದೇ, ಮೂಲ ಬೇರೆ (ಹಕ್ಕಿ, ಚಿಟ್ಟೆಯ ರೆಕ್ಕೆ).

7. ತಪ್ಪು ಹೇಳಿಕೆ: ‘ಮನುಷ್ಯ ಇಂದಿನ ಚಿಂಪಾಂಜಿಯಿಂದ ಬಂದ.’ ಸರಿ: ಇಬ್ಬರಿಗೂ ಸಮಾನ ಪೂರ್ವಜ.