ಪಾಯ ತೋಡುವ ಮೊದಲು ಹೊಳೆಯ ಗುರುತು ನೋಡಿರಿ



ಬಿತ್ತುವ ಮೊದಲು ನೀವು ಹೊಲದ ಹದ ನೋಡುತ್ತೀರಿ, ಬೀಜವನ್ನು ಅಂಗೈಯಲ್ಲಿಟ್ಟು ಪರೀಕ್ಷಿಸುತ್ತೀರಿ. ಒಂದು ಹಂಗಾಮಿನ ಬೆಳೆಗೆ ಇಷ್ಟು ಎಚ್ಚರಿಕೆ. ಆದರೆ ಮೂವತ್ತು ವರ್ಷ ನಿಲ್ಲಬೇಕಾದ ಮನೆಗೆ ಮಾತ್ರ, ರಸ್ತೆಗೆ ಹತ್ತಿರವಿದೆ, ಅಗ್ಗಕ್ಕೆ ಸಿಕ್ಕಿತು ಎಂದು ಜಾಗ ಆರಿಸಿಬಿಡುತ್ತೇವೆ. ಈ ಸಲದ ಪಾಠ ಅದನ್ನು ಕುರಿತದ್ದು.

ಜಮಖಂಡಿ, ರಬಕವಿ-ಬನಹಟ್ಟಿ ತಾಲೂಕುಗಳಿಗೆ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ. ಇವೆರಡೂ ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ. ನಮ್ಮಲ್ಲಿ ಹನಿ ಮಳೆಯಿಲ್ಲದಿದ್ದರೂ ಹೊಳೆ ಬರುತ್ತದೆ. ಘಟ್ಟದಲ್ಲಿ ಮಳೆ ಹೆಚ್ಚಾಗಿ ಕೊಯ್ನಾ, ಹಿಡಕಲ್ ಜಲಾಶಯಗಳು ತುಂಬಿದರೆ, ಅಲ್ಲಿ ಬಿಟ್ಟ ನೀರು ನಮ್ಮ ದಂಡೆಗೆ ಬರಲೇಬೇಕು. 2005ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಇದನ್ನು ಕಂಡಿದ್ದೇವೆ.

ಇಂಜಿನಿಯರರು “25 ವರ್ಷಕ್ಕೊಮ್ಮೆ ಬರುವ ಮಹಾಪೂರ” ಎನ್ನುತ್ತಾರೆ. ಒಮ್ಮೆ ಬಂದು ಹೋಯಿತು, ಇನ್ನು 25 ವರ್ಷ ಚಿಂತೆಯಿಲ್ಲ ಎಂದು ಇದರ ಅರ್ಥವಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ನೂರಕ್ಕೆ 4 ಎಂದು ಅರ್ಥ. ಲೆಕ್ಕ ಹಾಕಿದರೆ, ಆ ಮಟ್ಟದ ಕೆಳಗೆ 30 ವರ್ಷ ನಿಲ್ಲುವ ಮನೆಗೆ ಒಮ್ಮೆಯಾದರೂ ನೀರು ಹೊಗುವ ಸಂಭವ ನೂರಕ್ಕೆ 70. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2008ರ ಮಾರ್ಗಸೂಚಿಯಂತೆ ವಾಸದ ಮನೆಗಳು ಈ 25 ವರ್ಷದ ಮಟ್ಟಕ್ಕಿಂತ ಮೇಲಿರಬೇಕು. ಆಸ್ಪತ್ರೆ, ಕಾರ್ಖಾನೆ, ವಿದ್ಯುತ್ ಕೇಂದ್ರಗಳು 100 ವರ್ಷದ ಮಟ್ಟಕ್ಕಿಂತ ಮೇಲಿರಬೇಕು.

ಕಟ್ಟಡ ಏಳುವ ಮೊದಲು ವಿಚಾರಣೆಯಾಗುವ ಮೂರು ಹಂತಗಳನ್ನು ತಿಳಿದಿರಿ.

1. ಹೊಲವನ್ನು ಬಿನ್‌ಶೇತ್ಕಿ ಮಾಡಿ ಪ್ಲಾಟು ಹಾಕಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಪ್ಲಾಟು ಕೊಳ್ಳುವವರು ಆ ಆದೇಶದ ಪ್ರತಿಯನ್ನು ಕೇಳಿ ಪಡೆಯಿರಿ.

2. ಹಳ್ಳಿಯಲ್ಲಿ ಮನೆ ಕಟ್ಟಲು 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯತಿಯ ಲಿಖಿತ ಪರವಾನಗಿ ಬೇಕು. ಅರ್ಜಿಯೊಡನೆ, 2019ರಲ್ಲಿ ಆ ಜಾಗಕ್ಕೆ ಎಷ್ಟು ನೀರು ಬಂದಿತ್ತೆಂದು ನೀವಾಗಿಯೇ ಬರೆದುಕೊಡಿರಿ.

3. ದಿನಕ್ಕೆ 5000 ಟನ್ ಅಥವಾ ಹೆಚ್ಚು ಕಬ್ಬು ನುರಿಸುವ ಹೊಸ ಸಕ್ಕರೆ ಕಾರ್ಖಾನೆಯಾದರೆ, 2006ರ ಕೇಂದ್ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಅದಕ್ಕೆ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಕನಿಷ್ಠ 30 ದಿವಸ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಯೋಜನೆಯ ಸಾರಾಂಶ ಕನ್ನಡದಲ್ಲಿ ಸಿಗುತ್ತದೆ. ಅಂದು ತಪ್ಪದೆ ಹೋಗಿ ಕೇಳಿರಿ: ಇಲ್ಲಿ ಮಣ್ಣು ತುಂಬಿಸಿ ಎತ್ತರ ಮಾಡಿದರೆ ಮಹಾಪೂರದ ನೀರು ಯಾರ ಹೊಲಕ್ಕೆ ತಿರುಗುವುದು? ಹಳ್ಳದ ದಾರಿ ಉಳಿಯುವುದೇ? ನೀವು ಕೇಳಿದ್ದು ನಡಾವಳಿಯಲ್ಲಿ ದಾಖಲಾಗಬೇಕು.

ಕಬ್ಬಿನ ಕಾರ್ಖಾನೆ ಬೇಡವೆಂದು ಇದರ ಅರ್ಥವಲ್ಲ. ಅದರಿಂದ ನಮಗೆ ಉಪಯೋಗವುಂಟು. ಆದರೆ ಒಬ್ಬರು ನೀರಿಗೆ ಅಡ್ಡ ಕಟ್ಟಿದರೆ, ಆ ನೀರು ನೆರೆಯವರ ಹಟ್ಟಿಗೆ ನುಗ್ಗುತ್ತದೆ.

ಈ ತಿಂಗಳು ಒಂದು ಕೆಲಸ ಮಾಡಿರಿ. ಊರ ಹಿರಿಯರನ್ನು ಕರೆದುಕೊಂಡು ಹೋಗಿ, 2019ರ ನೀರು ನಿಂತ ಮಟ್ಟವನ್ನು ಶಾಲೆಯ ಗೋಡೆಯ ಮೇಲೂ ಗುಡಿಯ ಗೋಡೆಯ ಮೇಲೂ ಬಣ್ಣದಿಂದ ಗುರುತಿಸಿರಿ. ಮುಳುಗಿದ ಸರ್ವೆ ನಂಬರುಗಳ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಿ, ಠರಾವಿನಲ್ಲಿ ಸೇರಿಸಿರಿ. ಕಂಡವರ ನೆನಪು ಮಾಸುತ್ತದೆ. ಗೋಡೆಯ ಮೇಲಿನ ಗೆರೆ ಮಕ್ಕಳಿಗೂ ದಾರಿ ತೋರಿಸುತ್ತದೆ.